ಹಳೆಯ ಕೌದಿಯ ತುಂಡುಗಳೂ ಅವುಗಳ ಹೊಸ ಉಪಯೋಗಗಳೂ



ನಮ್ಮ ಸೀಮೆಯ ಮನೆಗಳಲ್ಲಿ ಅಟ್ಟದ ಮೇಲೋ ತಗಡಿನ ಪೆಟ್ಟಿಗೆಯ ತಳದಲ್ಲೋ ಹಳೆಯ ಕೌದಿಯೊಂದು ಮಡಿಚಿಟ್ಟಿರುವುದು ಸಾಮಾನ್ಯ. ಅದನ್ನು ಹೊದೆಯುವವರಿಲ್ಲ, ಎಸೆಯಲು ಮನಸ್ಸೂ ಬಾರದು. ಕೆಲವು ಮನೆಗಳಲ್ಲಿ ಕೌದಿಯ ಜೊತೆಗೆ, ಪೂರೈಸದೆ ಬಿಟ್ಟ ಬಣ್ಣಬಣ್ಣದ ಚೌಕಗಳ ಗಂಟೂ ಇರುವುದುಂಟು. ಅಜ್ಜಿ ಜೋಡಿಸಿಟ್ಟವು ಕೆಲವು. ಶಾಲೆಯ ಹೊಲಿಗೆ ತರಗತಿಯಲ್ಲಿ ತಾಯಿ ಹೊಲಿದವು ಕೆಲವು. ಇವುಗಳನ್ನು ಏನು ಮಾಡಬೇಕೆಂದು ನಮ್ಮ ಪೂರ್ವ ವಿದ್ಯಾರ್ಥಿನಿಯರು ಮೇಲಿಂದ ಮೇಲೆ ಕೇಳುತ್ತಿರುವುದರಿಂದ, ಈ ಸಂಚಿಕೆಯಲ್ಲಿ ಆ ವಿಷಯವಾಗಿ ಒಂದು ಪಾಠವನ್ನು ಬರೆಯಲು ಉದ್ಯುಕ್ತಳಾಗಿದ್ದೇನೆ. ಹೊಲಿಗೆಯನ್ನು ಬಲ್ಲವರಿಗೆ ಇದರಲ್ಲಿ ಕೆಲವು ಸಂಗತಿಗಳು ತಿಳಿದವೇ ಆಗಿರಬಹುದು. ಆದರೂ ಕ್ರಮವಾಗಿ ಹೇಳುವುದರಿಂದ ಎಲ್ಲರಿಗೂ ಪ್ರಯೋಜನವಾದೀತು.

1. ಕೌದಿಯೂ ಚೌಕವೂ

ಹಳೆಯ ಸೀರೆ, ಪಂಚೆ, ಕುಪ್ಪಸ, ಲಂಗ ಮುಂತಾದ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ, ಸೂಜಿ ದಾರಗಳಿಂದ ಒತ್ತೊತ್ತಾಗಿ ಹೊಲಿದು ಮಾಡಿದ ಹೊದಿಕೆಯೇ ಕೌದಿ. ಇದನ್ನು ಬೊಂತೆಯೆಂದೂ ಕಂಥೆಯೆಂದೂ ಕರೆಯುವುದುಂಟು. ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರಗಳ ಕಡೆಯ ಕೌದಿಗಳಲ್ಲಿ ಇಳಕಲ್ ಸೀರೆಯ ಅಂಚುಗಳನ್ನೂ ಗುಳೇದಗುಡ್ಡದ ಖಣದ ತುಂಡುಗಳನ್ನೂ ಕಾಣಬಹುದು. ಮನೆಯವರು ಕೊಟ್ಟ ಹಳೆಯ ಬಟ್ಟೆಗಳಿಂದ ಕೌದಿ ಹೊಲಿದುಕೊಟ್ಟು ಕೂಲಿ ಪಡೆಯುವ ಹೆಂಗಸರೂ ಆ ಸೀಮೆಯಲ್ಲಿ ಉಂಟು.

ನಮ್ಮ ರಾಜ್ಯದಲ್ಲಿ ಈ ಕಲೆಯನ್ನು ಬಹು ಚೆನ್ನಾಗಿ ಉಳಿಸಿಕೊಂಡು ಬಂದವರಲ್ಲಿ ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಜನಾಂಗದ ಹೆಂಗಸರು ಮುಖ್ಯರು. ಯಲ್ಲಾಪುರ, ಹಳಿಯಾಳ, ಮುಂಡಗೋಡು ಮುಂತಾದ ತಾಲ್ಲೂಕುಗಳ ಕಾಡಂಚಿನ ಹಳ್ಳಿಗಳಲ್ಲಿ ವಾಸಿಸುವ ಇವರ ಪೂರ್ವಜರು ಆಫ್ರಿಕಾ ಖಂಡದವರು. ಇವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಮೂರು ಮತದ ಹೆಂಗಸರೂ ಕೌದಿ ಹೊಲಿಯುತ್ತಾರೆ. ಇವರು ಕೆಲಸವನ್ನು ಒಂದು ಮೂಲೆಯಿಂದ ಆರಂಭಿಸಿ, ಅಂಚಿನ ಸುತ್ತಲೂ ತುಂಡುಗಳನ್ನಿಟ್ಟು ಹೊಲಿಯುತ್ತ ಒಳಗೆ ಒಳಗೆ ಸಾಗಿ ನಡುವಿನಲ್ಲಿ ಮುಗಿಸುತ್ತಾರೆ. ಕಟ್ಟಕಡೆಗೆ ನಾಲ್ಕು ಮೂಲೆಗಳಿಗೂ, ಬಟ್ಟೆಯನ್ನು ಮುಕ್ಕೋನವಾಗಿ ಮಡಿಚಿ ಹೊಲಿದ ಒಂದೊಂದು ಹೂವನ್ನು ಸೇರಿಸುವರು. ಹೂವಿಲ್ಲದ ಕೌದಿ ಅವರ ದೃಷ್ಟಿಯಲ್ಲಿ ಪೂರ್ಣವಾದ ಕೌದಿಯಲ್ಲ. 2004ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಪ್ರಾಧ್ಯಾಪಕರಾದ ಹೆನ್ರಿ ಡ್ರೂಯಲ್ ಅವರ ನೆರವಿನಿಂದ ಈ ಹೆಂಗಸರದೊಂದು ಸಹಕಾರ ಸಂಘವು ಏರ್ಪಟ್ಟು, ಅವರ ಕೌದಿಗಳು ದೂರದೇಶದ ಪ್ರದರ್ಶನಗಳಿಗೂ ಹೋದವು.

ಚೌಕದ ರೀತಿ ಬೇರೆ. ಯೂರೋಪು ಅಮೆರಿಕಗಳ ಹೆಂಗಸರು, ಅದರಲ್ಲಿಯೂ ಹತ್ತೊಂಬತ್ತನೆಯ ಶತಮಾನದ ಅಮೆರಿಕದವರು, ಇಡೀ ಹೊದಿಕೆಯನ್ನು ಒಟ್ಟಿಗೆ ಹೊಲಿಯದೆ, ಮೊದಲು ಸಣ್ಣ ಸಣ್ಣ ತುಂಡುಗಳನ್ನು ಸೇರಿಸಿ ಒಂದೊಂದಾಗಿ ಚೌಕಗಳನ್ನು ಮಾಡಿಕೊಂಡು, ಆಮೇಲೆ ಅವುಗಳನ್ನು ಜೋಡಿಸುವ ಕ್ರಮವನ್ನು ರೂಢಿಗೆ ತಂದರು. ಮಡಿಲಲ್ಲಿಟ್ಟುಕೊಂಡು ಹೊಲಿಯಬಹುದಾದ ಅಳತೆಯಾದುದರಿಂದ ಇದು ಹೊಲಿಗೆ ತರಗತಿಗೂ ಅನುಕೂಲವಾದ ಕೆಲಸ. ಬಿಡುವಾದಾಗ ಒಂದು ಚೌಕ ಮುಗಿಯುವುದು. ಹೊದಿಕೆ ಮಾತ್ರ ಮುಗಿಯದೆ ಉಳಿಯುವುದು. ಪೆಟ್ಟಿಗೆಗಳಲ್ಲಿ ಚೌಕಗಳ ಗಂಟು ಸಿಕ್ಕುವುದಕ್ಕೆ ಇದೇ ಕಾರಣ.

ಈ ಭೇದವನ್ನು ಮುಂದಿನ ಕೆಲಸಕ್ಕಾಗಿ ನೆನಪಿಡಬೇಕು. ಕೌದಿಯ ತುಂಡು ಮೂರು ನಾಲ್ಕು ಪದರದ್ದು, ಹೊಲಿಗೆಯಿಂದ ಬಿಗಿದದ್ದು. ಅದನ್ನು ಕತ್ತರಿಸಿದೊಡನೆ ಹೊಲಿಗೆ ಬಿಚ್ಚತೊಡಗುವುದು. ಚೌಕವಾದರೋ ಒಂದೇ ಪದರದ್ದು. ಅದಕ್ಕೆ ಹಿಂಬದಿಯ ಆಸರೆಯೇ ಇರುವುದಿಲ್ಲ.

2. ಕಟ್ಟಿಟ್ಟರೆ ಉಳಿಯುವುದೇ?

"ಬಳಸಿದರೆ ಹಾಳಾದೀತು, ಆದುದರಿಂದ ಹಾಗೆಯೇ ಇಟ್ಟಿದ್ದೇವೆ" ಎಂದು ಅನೇಕರು ಹೇಳುತ್ತಾರೆ. ಒಣ ಸೀಮೆಯಲ್ಲಿ ಈ ಮಾತು ಸ್ವಲ್ಪಮಟ್ಟಿಗೆ ನಿಜವಾಗಬಹುದು. ಸಕಲೇಶಪುರ ಆಲೂರುಗಳ ಗುಡ್ಡಗಾಡಿನಲ್ಲಿ ಇದು ನಿಜವಲ್ಲ. ಎಡಕುಮೇರಿಯ ಘಟ್ಟದ ಮಳೆ ಎಂಥದೆಂಬುದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. 2024ರ ಜುಲೈ ತಿಂಗಳಲ್ಲಿ ಎಡಕುಮೇರಿಗೂ ಕಡಗರವಳ್ಳಿಗೂ ನಡುವೆ ರೈಲುಹಾದಿಯ ಕೆಳಗಣ ಮಣ್ಣೇ ಜಾರಿ ಹೋಗಿ, ಹಲವು ದಿನ ಬಂಡಿಗಳ ಸಂಚಾರ ನಿಂತುಹೋಗಿತ್ತು. ಗುಡ್ಡವನ್ನೇ ಸಡಿಲಿಸುವ ತೇವವು ಪೆಟ್ಟಿಗೆಯೊಳಗಿನ ಹತ್ತಿಬಟ್ಟೆಯನ್ನು ಬಿಟ್ಟೀತೇ?

ಮುಚ್ಚಿಟ್ಟ ಬಟ್ಟೆಗೆ ನಮ್ಮಲ್ಲಿ ಐದು ಶತ್ರುಗಳು. ಮೊದಲನೆಯದು ಬೂಷ್ಟು: ಗಾಳಿಯಾಡದ ತೇವದಲ್ಲಿ ಬೆಳೆದು ನೂಲನ್ನೇ ತಿಂದು, ಹೋಗದ ಕಪ್ಪು ಚುಕ್ಕೆಗಳನ್ನು ಬಿಡುವುದು. ಎರಡನೆಯದು ಬೆಳ್ಳಿಬಣ್ಣದ ಸಣ್ಣ ಹುಳು: ಇದಕ್ಕೆ ಗಂಜಿ ಬಹಳ ಪ್ರಿಯ, ಆದುದರಿಂದ ಗಂಜಿ ಹಾಕಿದ ಬಟ್ಟೆಯನ್ನು ಕಟ್ಟಿಡಲೇಕೂಡದು. ಮೂರನೆಯದು ಇಲಿ. ನಾಲ್ಕನೆಯದು ತಗಡಿನ ಪೆಟ್ಟಿಗೆಯ ತುಕ್ಕು. ಐದನೆಯದು ಮಡಿಕೆಯೇ: ವರ್ಷಾನುಗಟ್ಟಲೆ ಒಂದೇ ಗೆರೆಯಲ್ಲಿ ಮಡಿಚಿಟ್ಟ ಬಟ್ಟೆಯು ಆ ಗೆರೆಯಲ್ಲಿಯೇ ಸೀಳುವುದು. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ತೇವವು ಒಳಗೇ ನಿಂತು ಕೇಡು ಇಮ್ಮಡಿಯಾಗುವುದು.

ಕಣ್ಣಿಗೆ ಬೀಳುವಂತೆ, ಕೈಗೆ ಸಿಕ್ಕುವಂತೆ ಇರುವ ವಸ್ತುವನ್ನು ಮಾತ್ರ ಮನೆಯವರು ಒಣಗಿಸುವರು, ಕೊಡಹುವರು, ಹರಿದರೆ ಹೊಲಿಯುವರು. ಆದುದರಿಂದ ನಮ್ಮ ಸೀಮೆಯಲ್ಲಿ ಹಳೆಯ ಬಟ್ಟೆಯನ್ನು ಉಳಿಸಲು ಉತ್ತಮವಾದ ಉಪಾಯವೆಂದರೆ ಅದನ್ನು ಹಿತವಾಗಿ ಬಳಸುವುದೇ.

3. ಕತ್ತರಿ ಹಿಡಿಯುವುದಕ್ಕೆ ಮುಂಚೆ

ಬಳಸುವುದೆಂದರೆ ಕತ್ತರಿಸುವುದೆಂದು ತಿಳಿಯಬಾರದು. ಮೊದಲು ಕೌದಿಯನ್ನು ಒಣಹವೆಯ ದಿನ ಚಾಪೆಯ ಮೇಲೆ ಹಾಸಿ, ಮೂಲೆಯಿಂದ ಮೂಲೆಗೆ ಪರೀಕ್ಷಿಸಬೇಕು. ಬೆಳಕಿಗೆ ಹಿಡಿದು ನೋಡಿದರೆ ಒಳಪದರ ಎಲ್ಲಿ ಸವೆದಿದೆಯೆಂಬುದು ತಿಳಿಯುವುದು. ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆದರೆ ಬಲವು ತಿಳಿಯುವುದು. ಕಪ್ಪು ಮತ್ತು ಕಂದು ಬಣ್ಣದ ತುಂಡುಗಳನ್ನು ವಿಶೇಷವಾಗಿ ನೋಡಬೇಕು. ಕಬ್ಬಿಣದ ಅಂಶವುಳ್ಳ ಹಳೆಯ ಕಾಲದ ಬಣ್ಣಗಳು ನೂಲನ್ನು ಕ್ರಮೇಣ ಕೊಳೆಸುವುದರಿಂದ, ಸುತ್ತಲಿನ ಬಟ್ಟೆ ಗಟ್ಟಿಯಾಗಿದ್ದರೂ ಆ ತುಂಡುಗಳು ಮಾತ್ರ ಪುಡಿಯಾಗುತ್ತಿರುವುದುಂಟು.

ಹೀಗೆ ನೋಡಿದ ಮೇಲೆ ಕೌದಿಯನ್ನು ಮೂರು ತರಗತಿಗಳಲ್ಲಿ ಒಂದಕ್ಕೆ ಸೇರಿಸಬಹುದು. ಮುಕ್ಕಾಲು ಪಾಲಿಗಿಂತ ಹೆಚ್ಚು ಗಟ್ಟಿಯಾಗಿರುವುದನ್ನು ಕತ್ತರಿಸಕೂಡದು. ತೇಪೆ ಹಾಕಿ ಇಡಿಯಾಗಿಯೇ ಬಳಸತಕ್ಕದ್ದು. ಅಲ್ಲಲ್ಲಿ ಗಟ್ಟಿ, ಅಲ್ಲಲ್ಲಿ ಜೀರ್ಣವಾಗಿರುವುದನ್ನು ಕತ್ತರಿಸಿ ಗಟ್ಟಿಯಾದ ಭಾಗಗಳನ್ನು ಉಳಿಸಿಕೊಳ್ಳತಕ್ಕದ್ದು. ಮುಟ್ಟಿದರೆ ಹರಿಯುವಂಥದರಲ್ಲಿ ಒಂದೆರಡು ತುಂಡುಗಳನ್ನು ನೋಡುವುದಕ್ಕಾಗಿ ಮಾತ್ರ ಇಟ್ಟುಕೊಳ್ಳತಕ್ಕದ್ದು.

ಇದಕ್ಕೊಂದು ಉದಾಹರಣೆ. ನಮ್ಮ ಪೂರ್ವ ವಿದ್ಯಾರ್ಥಿನಿಯೊಬ್ಬರು ತಮ್ಮ ಅಕ್ಕತಂಗಿಯರೊಡನೆ ಒಂದು ಕೌದಿಯನ್ನು ಶಾಲೆಗೆ ತಂದರು. ತಾಯಿ ತೀರಿಕೊಂಡು ವರ್ಷವಾಗಿತ್ತು. ಕೌದಿ ಒಂದೇ; ಹೆಣ್ಣುಮಕ್ಕಳು ಮೂವರು. ಹಿರಿಯರು, "ಮೂರು ಪಾಲು ಮಾಡಿಬಿಡೋಣ" ಎಂದರು. ಕಿರಿಯರು, "ಅವ್ವನ ಹೊಲಿಗೆಗೆ ಕತ್ತರಿ ಹಾಕಲು ನಾನು ಒಪ್ಪುವುದಿಲ್ಲ" ಎಂದರು. ಈ ಮಾತಿನಿಂದ ಅವರವರಲ್ಲಿ ಮನಸ್ತಾಪವೂ ಹುಟ್ಟಿದ್ದಿತು. ಕೌದಿಯನ್ನು ಹಾಸಿ ಅಳೆದೆವು. ಉದ್ದ 72 ಅಂಗುಲ, ಅಗಲ 54 ಅಂಗುಲ. ಎಣ್ಣೆದಲೆ ತಾಗುತ್ತಿದ್ದ ಕಡೆಯ 14 ಅಂಗುಲದಷ್ಟು ಪಟ್ಟಿಯು ಬಹುಭಾಗ ಜೀರ್ಣವಾಗಿತ್ತು. ಒಂದು ಪಕ್ಕದ 8 ಅಂಗುಲವನ್ನು ಇಲಿ ಕಡಿದಿತ್ತು. ಉಳಿದ 58 ಅಂಗುಲ ಉದ್ದ, 46 ಅಂಗುಲ ಅಗಲದ ಭಾಗವು ಗಟ್ಟಿಯಾಗಿತ್ತು. ಗಟ್ಟಿಯಾದ ಭಾಗವನ್ನು ಇಡಿಯಾಗಿಯೇ ಉಳಿಸಿ, ತಲೆಯ ಕಡೆಯ ಪಟ್ಟಿಯಲ್ಲಿ ಚೆನ್ನಾಗಿದ್ದ ಎರಡು ತುಂಡುಗಳನ್ನು ಮಾತ್ರ ಬಿಡಿಸಿ ತೆಗೆಯುವುದೆಂದು ಗೊತ್ತುಮಾಡಿದೆವು. ದೊಡ್ಡ ಭಾಗವು ವರ್ಷಕ್ಕೊಬ್ಬರ ಮನೆಯಲ್ಲಿರುವುದು. ಆ ವರ್ಷ ಅದಿಲ್ಲದ ಇಬ್ಬರ ಮನೆಯಲ್ಲಿ ಚಿಕ್ಕ ತುಂಡುಗಳಿರುವುದು. ಇದಕ್ಕೆ ಮೂವರೂ ಒಪ್ಪಿದರು.

ಇಲಿ ಕಡಿದ ಪಕ್ಕವನ್ನು ಬಿಡಿಸುವಾಗ ಒಳಪದರವು ಹೊರಗೆ ಕಂಡಿತು. ಅದರಲ್ಲಿ ನೀಲಿಯ ಒಂದು ಬಟ್ಟೆಯಿತ್ತು. ಅದು ಹಿರಿಯರು ಈ ಶಾಲೆಯಲ್ಲಿ ಓದುವಾಗ ಉಡುತ್ತಿದ್ದ ಲಂಗದ ಬಟ್ಟೆ. ನಿರಿಗೆಯ ಗೆರೆಗಳು ಕೂಡ ಹಾಗೆಯೇ ಇದ್ದವು. ಅದನ್ನು ಕಂಡ ಮೇಲೆ ಪಾಲಿನ ಮಾತನ್ನು ಅವರಲ್ಲಿ ಯಾರೂ ಎತ್ತಲಿಲ್ಲ. ಆದುದರಿಂದ ಹಾಳಾದ ಭಾಗವೆಂದು ಯಾವುದನ್ನೂ ನೋಡದೆ ಎಸೆಯಬೇಡಿರಿ. ಕೌದಿಯ ಮೇಲುಗಡೆ ಚೆಂದಕ್ಕಾಗಿ ಆರಿಸಿದ ಬಟ್ಟೆ. ಒಳಗಡೆ ಮನೆಯವರು ದುಡಿದು ಸವೆಸಿದ ಬಟ್ಟೆ.

ಇಂಥ ಬಟ್ಟೆಯ ಬೆಲೆಯನ್ನು ಬಲ್ಲವರು ಎಲ್ಲೆಡೆಯೂ ಇದ್ದಾರೆ. ಅಮೆರಿಕದ ಅಲಬಾಮಾ ಸಂಸ್ಥಾನದ ಗೀಸ್ ಬೆಂಡ್ ಎಂಬ ಹಳ್ಳಿಯಲ್ಲಿ ಮಿಸೂರಿ ಪೆಟ್‌ವೇ ಎಂಬಾಕೆ 1942ರಲ್ಲಿ, ತೀರಿಹೋದ ಗಂಡನ ಕೆಲಸದ ಉಡುಪುಗಳನ್ನು ಬಿಚ್ಚಿ ಒಂದು ಹೊದಿಕೆಯನ್ನು ಹೊಲಿದಳು. 2002ರಲ್ಲಿ ಆ ಹಳ್ಳಿಯ ಹೆಂಗಸರ ಹೊದಿಕೆಗಳು ಹ್ಯೂಸ್ಟನ್, ನ್ಯೂಯಾರ್ಕ್ ನಗರಗಳ ದೊಡ್ಡ ಕಲಾಶಾಲೆಗಳಲ್ಲಿ ಪ್ರದರ್ಶಿತವಾದಾಗ ಜನರು ಸಾಲುಗಟ್ಟಿ ನೋಡಿದರು. ಹೊಲದಲ್ಲಿ ದುಡಿದವನ ಷರಾಯಿಯ ಮಂಡಿಯೇ ಅಲ್ಲಿ ಚಿತ್ರವಾಗಿತ್ತು.

4. ಒಗೆಯುವ ಕ್ರಮ

ಬೂಷ್ಟು ಹಿಡಿದಿದ್ದರೆ ಮೊದಲು ಮನೆಯ ಹೊರಗೆ, ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆಯ ಬ್ರಷ್ಷಿನಿಂದ ಒಣಗಿದಂತೆಯೇ ಉದುರಿಸಬೇಕು. ಒದ್ದೆಮಾಡಿ ಉಜ್ಜಿದರೆ ಬೂಷ್ಟು ಒಳಗೆ ಇಳಿಯುವುದು.

ಆಮೇಲೆ ಬಣ್ಣದ ಪರೀಕ್ಷೆ. ಒದ್ದೆಮಾಡಿದ ಬಿಳಿಯ ಬಟ್ಟೆಯ ಚೂರನ್ನು ಒಂದೊಂದು ಬಣ್ಣದ ಮೇಲೂ ಒಂದು ನಿಮಿಷ ಒತ್ತಿ ಹಿಡಿಯಬೇಕು. ಕೆಂಪು ಅಥವಾ ನೀಲಿ ಅದಕ್ಕೆ ಹತ್ತಿದರೆ ಆ ಕೌದಿಯನ್ನು ನೀರಿಗೆ ಹಾಕಕೂಡದು. ಗಾಳಿಗೆ ಹಾಕಿ ಧೂಳು ತೆಗೆದರೆ ಸಾಕು.

ಒಗೆಯಬಹುದಾದುದನ್ನು ಅಗಲವಾದ ಪಾತ್ರೆಯಲ್ಲಿ, ಬೆಚ್ಚಗೂ ಅಲ್ಲದ ತಣ್ಣೀರಿನಲ್ಲಿ ನೆನೆಸಬೇಕು. ಅಂಟುವಾಳದ ಸಿಪ್ಪೆಯನ್ನು ನೆನೆಸಿ ಕುದಿಸಿ ಸೋಸಿದ ನೀರನ್ನು ತೆಳುವಾಗಿ ಬಳಸಬಹುದು. ಗಟ್ಟಿಯಾಗಿ ಬಳಸಿದರೆ ಬಿಳಿಯ ಬಟ್ಟೆಗೆ ಕಂದುಛಾಯೆ ಬಂದೀತು. ಇಲ್ಲವೆ ಕ್ಷಾರವಿಲ್ಲದ ಮೃದುವಾದ ದ್ರವ ಸಾಬೂನಾದೀತು. ಕಲ್ಲಿಗೆ ಬಡಿಯುವುದು, ಹಿಂಡುವುದು, ಬಿಳಿಮಾಡುವ ಪುಡಿ ಹಾಕುವುದು, ಯಂತ್ರದಲ್ಲಿ ಒಗೆಯುವುದು ಇವೆಲ್ಲ ವರ್ಜ್ಯ. ಅಂಗೈಯಿಂದ ಒತ್ತುತ್ತ, ನೀರು ತಿಳಿಯಾಗುವವರೆಗೆ ಬದಲಾಯಿಸಬೇಕು.

ಒದ್ದೆಯಾದ ಕೌದಿಯು ಬಹಳ ಭಾರ. ಅದನ್ನು ಎರಡು ಮೂಲೆ ಹಿಡಿದು ಎತ್ತಿದರೆ ತನ್ನ ಭಾರಕ್ಕೆ ತಾನೇ ಹರಿಯುವುದು. ಆದುದರಿಂದ ನೀರಿಗೆ ಹಾಕುವಾಗಲೇ ಕೆಳಗೊಂದು ಹಳೆಯ ಪಂಚೆಯನ್ನು ಹಾಸಿದ್ದು, ಆ ಪಂಚೆಯ ನಾಲ್ಕು ತುದಿ ಹಿಡಿದು ಇಬ್ಬರು ಎತ್ತಬೇಕು. ತಂತಿಯ ಮೇಲೆ ನೇತುಹಾಕದೆ, ನೆರಳಿನಲ್ಲಿ ಚಾಪೆಯ ಮೇಲೆ ಹರವಿ, ಎರಡು ಮಗ್ಗುಲೂ ತಿರುವಿ ಒಣಗಿಸಬೇಕು. ಇದಕ್ಕೆ ಜನವರಿ ಫೆಬ್ರವರಿ ತಿಂಗಳುಗಳು ತಕ್ಕ ಕಾಲ. ಮಳೆಗಾಲದಲ್ಲಿ ಕೌದಿ ಒಗೆದವಳು ಬೂಷ್ಟನ್ನೇ ಬಿತ್ತಿದಂತೆ.

5. ಬಲಪಡಿಸುವ ಕ್ರಮ

ಹಳೆಯ ವಸ್ತ್ರಕ್ಕೆ ಹೊಸ ಬಟ್ಟೆಯ ತೇಪೆಯನ್ನು ಯಾರೂ ಹಾಕುವುದಿಲ್ಲವೆಂಬ ಸಾಮ್ಯವು ಮತ್ತಾಯನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿರುವುದು ನಿಮಗೆ ನೆನಪಿರಬಹುದು. ಹೊಲಿಗೆಯವಳಿಗೆ ಅದು ಅನುಭವದ ಮಾತು. ನೀರು ಕಾಣದ ಹೊಸ ಹತ್ತಿಬಟ್ಟೆಯು ಮೊದಲ ಒಗೆತದಲ್ಲಿ ಕುಗ್ಗುವುದು. ಕುಗ್ಗುವಾಗ ಹಳೆಯ ನೂಲನ್ನು ಎಳೆದು ಹರಕನ್ನು ಹಿರಿದುಮಾಡುವುದು. ಆದುದರಿಂದ ಆಸರೆಗೆ ಬಳಸುವ ಬಟ್ಟೆಯನ್ನು ಎರಡು ಮೂರು ಸಲ ಬಿಸಿನೀರಿನಲ್ಲಿ ಒಗೆದು ಒಣಗಿಸಿಕೊಂಡೇ ಹೊಲಿಯತಕ್ಕದ್ದು. ಹಳೆಯ ಮಲ್ಲಿನ ಪಂಚೆಯು ಎಲ್ಲಕ್ಕಿಂತ ಮೇಲು.

ದಾರದ ವಿಷಯದಲ್ಲಿಯೂ ಇದೇ ನ್ಯಾಯ. ಪಾಲಿಯೆಸ್ಟರ್ ಮತ್ತು ನೈಲಾನ್ ದಾರಗಳು ಹಳೆಯ ಹತ್ತಿಗಿಂತ ಬಲವಾದವು. ಎಳೆತ ಬಿದ್ದಾಗ ದಾರವು ಉಳಿದು ಬಟ್ಟೆಯೇ ಕತ್ತರಿಸಿಹೋಗುವುದು. ಹತ್ತಿಯ ದಾರವನ್ನೇ ಬಳಸಬೇಕು. ಬಂಗಾಳದ ಹೆಂಗಸರು ಕಾಂಥಾ ಎಂಬ ತಮ್ಮ ಕೌದಿಗಳಿಗೆ ಹಳೆಯ ಸೀರೆಯ ಅಂಚಿನಿಂದಲೇ ಬಣ್ಣದ ಎಳೆಗಳನ್ನು ಬಿಡಿಸಿ ದಾರಮಾಡಿಕೊಳ್ಳುತ್ತಿದ್ದರು. ಅದು ಮಿತವ್ಯಯವೂ ಹೌದು, ವಿವೇಕವೂ ಹೌದು.

ಬಿಡಿ ಚೌಕಕ್ಕೆ ಆಸರೆ ಕೊಡುವಾಗ, ಅದರ ಕೆಳಗೆ ಅದಕ್ಕಿಂತ ಒಂದು ಅಂಗುಲ ದೊಡ್ಡದಾದ ಮಲ್ಲಿನ ತುಂಡನ್ನು ಹಾಸಿ, ನಡುವಿನಿಂದ ಹೊರಕ್ಕೆ ಕಚ್ಚಾ ಹೊಲಿಗೆ ಹಾಕಿ ಸುಕ್ಕಿಲ್ಲದಂತೆ ಕೂರಿಸಬೇಕು. ಅನಂತರ ಹಳೆಯ ಜೋಡಣೆಯ ಗೆರೆಗಳ ಮೇಲೆಯೇ ಸಣ್ಣ ಸಣ್ಣ ಹೊಲಿಗೆ ಹಾಕಿ ಹಿಡಿಸಬೇಕು.

ಕೌದಿಯನ್ನು ಕತ್ತರಿಸಬೇಕಾದಲ್ಲಿ, ಸೀಮೆಸುಣ್ಣದಿಂದ ಗೆರೆ ಎಳೆದು, ಗೆರೆಯ ಎರಡು ಮಗ್ಗುಲಲ್ಲಿಯೂ ಕಾಲಂಗುಲ ದೂರದಲ್ಲಿ ಒಂದೊಂದು ಸಾಲು ಒತ್ತಾದ ಹೊಲಿಗೆಯನ್ನು ಮೊದಲು ಹಾಕಬೇಕು. ಆಮೇಲೆ ನಡುವೆ ಕತ್ತರಿಸಿದರೆ ಅಜ್ಜಿಯ ಹೊಲಿಗೆಸಾಲುಗಳು ಬಿಚ್ಚುವುದಿಲ್ಲ. ಕತ್ತರಿಸಿದ ಅಂಚಿಗೆ ಎರಡೂವರೆ ಅಂಗುಲ ಅಗಲದ ಪಟ್ಟಿಯನ್ನು ಮಡಿಚಿ ಹೊಲಿದು ಮುಚ್ಚಬೇಕು.

6. ಉಪಯೋಗಗಳು

ಒಂದೊಂದು ತುಂಡಿಗೂ ಅದರ ಬಲಕ್ಕೆ ತಕ್ಕ ಕೆಲಸವನ್ನು ಕೊಡಬೇಕು. ಬಲವಾದುದಕ್ಕೆ ದುಡಿಮೆ, ದುರ್ಬಲವಾದುದಕ್ಕೆ ವಿಶ್ರಾಂತಿ ಎಂಬುದೇ ಸೂತ್ರ.

(ಅ) ಕೂರುವ ಹಾಸು. ಕೌದಿಯ ಗಟ್ಟಿಯಾದ ಭಾಗದಿಂದ 18 ಅಂಗುಲದ ಚೌಕವನ್ನು ತೆಗೆದು ಅಂಚು ಕಟ್ಟಿದರೆ ಕುರ್ಚಿಗೂ ಮಣೆಗೂ ಹಾಸಾಗುವುದು. ಬೇರೆ ತುಂಬುವಿಕೆ ಬೇಡ. ಕೌದಿಯ ಪದರಗಳೇ ಸಾಕು.

(ಆ) ಮಸಿಬಟ್ಟೆ. ಅಂದಗೆಟ್ಟರೂ ದಪ್ಪವಾಗಿರುವ ಚೂರುಗಳನ್ನು 8 ಅಂಗುಲದ ಅಳತೆಗೆ ಕತ್ತರಿಸಿ, ಎರಡೆರಡಾಗಿ ಜೋಡಿಸಿದರೆ ಒಲೆಯಿಂದ ಬಿಸಿಪಾತ್ರೆ ಇಳಿಸಲು ಒಳ್ಳೆಯ ಮಸಿಬಟ್ಟೆಯಾಗುವುದು. ಆದರೆ ಒಂದು ಎಚ್ಚರಿಕೆ: ಪಾಲಿಯೆಸ್ಟರ್ ಸೀರೆಯ ತುಂಡು ಅದರಲ್ಲಿ ಸೇರಿರಕೂಡದು. ಅದು ಬಿಸಿಗೆ ಕರಗಿ ಕೈಗೆ ಅಂಟುವುದು. ಸಂದೇಹವಿದ್ದರೆ ಒಂದೆರಡು ನೂಲುಗಳನ್ನು ಎಳೆದು, ಚಿಮ್ಮಟದಲ್ಲಿ ಹಿಡಿದು ದೀಪಕ್ಕೆ ತೋರಿಸಿ ನೋಡಿರಿ. ಹತ್ತಿಯು ಉರಿದು ಬೂದಿಯಾಗುವುದು. ಪಾಲಿಯೆಸ್ಟರ್ ಮುದುಡಿ ಗಟ್ಟಿ ಗುಂಡಾಗುವುದು.

(ಇ) ದಿಂಬಿನ ಹೊದಿಕೆ. 12 ಅಂಗುಲದ ಚೌಕದ ನಾಲ್ಕು ಮಗ್ಗುಲಿಗೂ ಎರಡೂವರೆ ಅಂಗುಲ ಅಗಲದ ಪಟ್ಟಿಯನ್ನು ಸೇರಿಸಿದರೆ, ಹೊಲಿಗೆಯಲ್ಲಿ ಹೋಗುವುದನ್ನು ಕಳೆದು ಸುಮಾರು 16 ಅಂಗುಲದ ದಿಂಬಿನ ಮುಖವಾಗುವುದು. ಹಳೆಯ ಭಾಗವು ನಡುವೆ ಇರುವುದರಿಂದ ಅಂಚಿನ ಎಳೆತವು ಹೊಸ ಪಟ್ಟಿಯ ಮೇಲೆ ಬೀಳುವುದು.

(ಈ) ಕೈಚೀಲ. ಎರಡು ಚೌಕಗಳನ್ನು ಎರಡು ಮುಖವಾಗಿಟ್ಟು, ನಡುವೆ ಮೂರು ಅಂಗುಲದ ಪಟ್ಟಿಯನ್ನು ಸುತ್ತ ಹೊಲಿಯಬೇಕು. ಒಳಗೆ ಗಟ್ಟಿಯಾದ ಹೊಸ ಬಟ್ಟೆಯ ಚೀಲವೊಂದನ್ನು ಬೇರೆಯಾಗಿ ಹೊಲಿದು, ಹಿಡಿಗಳನ್ನು ಅದಕ್ಕೇ ಭದ್ರಪಡಿಸಬೇಕು. ಹೀಗಾದರೆ ಭಾರವು ಒಳಚೀಲದ್ದು. ಹಳೆಯ ಚೌಕಕ್ಕೆ ಅಲಂಕಾರದ ಕೆಲಸ ಮಾತ್ರ.

(ಉ) ಪುಸ್ತಕದ ಹೊದಿಕೆ. ಮನೆಯಲ್ಲಿ ದಿನವೂ ತೆರೆಯುವ ಗ್ರಂಥಕ್ಕೆ, ಮದುವೆಯ ಚಿತ್ರಗಳ ಪುಸ್ತಕಕ್ಕೆ, ಮಗುವಿನ ಶಾಲಾಪತ್ರಗಳ ಕಡತಕ್ಕೆ ಇದು ಬಹಳ ಒಪ್ಪುವುದು.

(ಊ) ಮಕ್ಕಳ ಹೊದಿಕೆ. ಚೌಕಗಳ ಗಂಟು ಸಿಕ್ಕಿದವರಿಗೆ ಇದೇ ಮುಖ್ಯವಾದ ಕೆಲಸ. ಗಂಟಿನಲ್ಲಿರುವ ಚೌಕಗಳು ಒಂದೇ ಅಳತೆಯಾಗಿರುವುದು ವಿರಳ. ಒಂದು 9 ಅಂಗುಲವಿದ್ದರೆ ಇನ್ನೊಂದು 10 ಅಂಗುಲವಿರುವುದು. ದೊಡ್ಡದನ್ನು ಕತ್ತರಿಸಿ ಸಮಮಾಡಲು ಹೋಗಬೇಡಿರಿ. ಎಲ್ಲಕ್ಕೂ ಸುತ್ತಲೂ ಎರಡೂವರೆ ಅಂಗುಲ ಅಗಲದ ಒಂದೇ ಬಣ್ಣದ ಪಟ್ಟಿಯನ್ನು ಹೊಲಿದು, ಆ ಪಟ್ಟಿಯನ್ನು ಮಾತ್ರ ಕತ್ತರಿಸಿ ಎಲ್ಲವನ್ನೂ ಹನ್ನೆರಡೂವರೆ ಅಂಗುಲಕ್ಕೆ ತರಬೇಕು. ಕಾಲಂಗುಲದ ಹೊಲಿಗೆಯಲ್ಲಿ ಜೋಡಿಸಿದರೆ ಒಂದೊಂದೂ 12 ಅಂಗುಲವಾಗುವುದು. ಅಡ್ಡಕ್ಕೆ 3, ಉದ್ದಕ್ಕೆ 4 ಇಟ್ಟರೆ 12 ಚೌಕಗಳಿಂದ 36 ಅಂಗುಲ ಅಗಲ, 48 ಅಂಗುಲ ಉದ್ದದ ಹೊದಿಕೆಯಾಗುವುದು. ಒಂದೆರಡು ಚೌಕ ಕಡಮೆಯಾದರೆ, ಈಗಿನ ಹೆಣ್ಣುಮಕ್ಕಳು ತಮ್ಮ ಬಟ್ಟೆಯಿಂದ ಹೊಲಿದು ತುಂಬಲಿ. ಅಜ್ಜಿಯ ಚೌಕದ ಪಕ್ಕದಲ್ಲಿ ಮೊಮ್ಮಗಳ ಚೌಕವು ಕೂರುವುದು ಶೋಭೆಯೇ ಹೊರತು ಕೊರತೆಯಲ್ಲ. ಆದರೆ ವರ್ಷ ತುಂಬದ ಕೂಸು ಮಲಗಿರುವಾಗ ಇಂಥ ದಪ್ಪ ಹೊದಿಕೆಯನ್ನು ಹೊದಿಸಬಾರದು. ಸಡಿಲವಾದ ಬಟ್ಟೆಯು ಮುಖವನ್ನು ಮುಚ್ಚಿ ಉಸಿರು ಕಟ್ಟೀತು. ಅದು ಎಚ್ಚರವಾಗಿದ್ದು ನೀವು ಬಳಿಯಲ್ಲಿರುವಾಗ ಕೆಳಗೆ ಹಾಸಲು ಉಪಯೋಗಿಸಿರಿ.

(ಋ) ಗೋಡೆಯ ಚೌಕಟ್ಟು. ಜೀರ್ಣವಾದ ತುಂಡಿಗೆ ಇದೇ ತಕ್ಕ ಸ್ಥಾನ. ಬಿಳಿಯ ಹತ್ತಿಬಟ್ಟೆಯನ್ನು ಬಿಗಿದ ಹಲಗೆಯ ಮೇಲೆ ತುಂಡನ್ನು ಹೊಲಿಗೆಯಿಂದಲೇ ನಿಲ್ಲಿಸಬೇಕು, ಅಂಟು ಹಾಕಕೂಡದು. ಗಾಜು ಬಟ್ಟೆಗೆ ತಾಗದಂತೆ ನಡುವೆ ತೆಳುವಾದ ಪಟ್ಟಿಯಿಡಬೇಕು. ತೇವದ ಗೋಡೆಗೂ ಬಿಸಿಲು ಬೀಳುವ ಗೋಡೆಗೂ ಇದನ್ನು ತೂಗುಹಾಕಬಾರದು.

ಇಷ್ಟಾದ ಮೇಲೂ ಉಳಿಯುವ ತುಂಡುಗಳನ್ನು ಒಗೆದ ಬಿಳಿಯ ಬಟ್ಟೆಯಲ್ಲಿ ಸುತ್ತಿ, ಬಜೆಯ ಬೇರನ್ನು ಸಣ್ಣ ಬಟ್ಟೆಯ ಗಂಟಿನಲ್ಲಿ ಕಟ್ಟಿ ಪಕ್ಕದಲ್ಲಿಟ್ಟು, ಮಳೆಗಾಲಕ್ಕೆ ಮುಂಚೆ ಒಂದು ಸಲ, ಕಳೆದ ಮೇಲೆ ಒಂದು ಸಲ ಬಿಚ್ಚಿ ಗಾಳಿಗೆ ಹಾಕಬೇಕು. ಪ್ರತಿಸಲವೂ ಮಡಿಕೆಯನ್ನು ಬೇರೆ ಗೆರೆಯಲ್ಲಿ ಮಾಡಬೇಕು.

7. ಹೆಸರನ್ನು ಬರೆಯಿರಿ

ಕೊನೆಯದಾಗಿ ಹೇಳುವ ಈ ಸಂಗತಿಯನ್ನು ಮೇಲಿನ ಎಲ್ಲಕ್ಕಿಂತ ಮುಖ್ಯವೆಂದು ನಾನು ಎಣಿಸುತ್ತೇನೆ. ಮೇಲೆ ಹೇಳಿದ ಆ ತಾಯಿಗೆ ಓದುಬರಹ ಬರುತ್ತಿರಲಿಲ್ಲ. ನಮ್ಮಲ್ಲಿ ಅನೇಕರ ಅಜ್ಜಿಯರಿಗೂ ಬರುತ್ತಿರಲಿಲ್ಲ. ಅವರು ಬರೆದ ಪತ್ರವಿಲ್ಲ, ಲೆಕ್ಕದ ಪುಸ್ತಕವಿಲ್ಲ, ರುಜು ಕೂಡ ಇಲ್ಲ. ಹೆಬ್ಬೆಟ್ಟಿನ ಗುರುತು ಎಲ್ಲಿಯಾದರೂ ಒಂದು ಕಾಗದದ ಮೇಲಿದ್ದೀತು. ಅವರ ಕೈಯ ಗುರುತು ಉಳಿದಿರುವುದು ಕೌದಿಯ ಹೊಲಿಗೆಸಾಲಿನಲ್ಲಿ. ಒಬ್ಬಳ ಹೊಲಿಗೆ ಒತ್ತು, ಒಬ್ಬಳದು ವಿರಳ. ಒಬ್ಬಳ ಸಾಲು ನೇರ, ಒಬ್ಬಳದು ಓರೆ. ಬಲ್ಲವರು ಅದನ್ನು ಕೈಬರಹದಂತೆಯೇ ಗುರುತಿಸಬಲ್ಲರು. ಆದರೆ ಹಾಗೆ ಬಲ್ಲವರು ತೀರಿಹೋದ ಮೇಲೆ, ಇದು ಯಾರ ಕೈಕೆಲಸವೆಂದು ಹೇಳುವವರು ಯಾರು?

1840ರ ದಶಕದಲ್ಲಿ ಅಮೆರಿಕದ ಹೆಂಗಸರು, ದೂರದ ಊರಿಗೆ ಹೋಗುವ ಗೆಳತಿಗೆ ಕೊಡುವ ಹೊದಿಕೆಯ ಒಂದೊಂದು ಚೌಕದ ಮೇಲೆಯೂ ಅಳಿಯದ ಶಾಯಿಯಿಂದ ತಮ್ಮ ಹೆಸರುಗಳನ್ನು ಬರೆದುಕೊಡುವ ಪದ್ಧತಿಯಿತ್ತು. ಅಂಥ ಹೊದಿಕೆಗಳಿಂದ ಎಷ್ಟೋ ಮಂದಿ ಸಾಮಾನ್ಯ ಹೆಂಗಸರ ಹೆಸರುಗಳು ಇಂದಿಗೂ ಉಳಿದಿವೆ. ನಮ್ಮ ಅಜ್ಜಿಯರಿಗೆ ಹಾಗೆ ಬರೆಯಲು ಬರುತ್ತಿರಲಿಲ್ಲ. ನಮಗೆ ಬರುತ್ತದೆ. ನಮ್ಮನ್ನು ಶಾಲೆಗೆ ಕಳುಹಿಸಿದವರು ಅವರೇ.

ಆದುದರಿಂದ ನೀವು ಬಿಡಿಸಿದ ಪ್ರತಿಯೊಂದು ತುಂಡಿಗೂ ಒಂದು ಹೆಸರುಪಟ್ಟಿಯಿರಲಿ. ಎರಡು ಅಂಗುಲದ ಬಿಳಿಯ ಹತ್ತಿಪಟ್ಟಿಯ ಮೇಲೆ, ಒಗೆದರೂ ಹೋಗದ ಶಾಯಿಯಿಂದಾಗಲಿ ಸೂಜಿದಾರದಿಂದಾಗಲಿ ನಾಲ್ಕು ವಿಷಯಗಳನ್ನು ಬರೆಯಿರಿ: ಹೊಲಿದವಳ ಹೆಸರು, ಅವಳ ಊರು, ತಿಳಿದಮಟ್ಟಿಗೆ ಹೊಲಿದ ವರ್ಷ, ಅದರಲ್ಲಿ ಸೇರಿದ ಬಟ್ಟೆ ಯಾರು ಉಟ್ಟದ್ದೆಂಬುದು. ಕೆಳಗೆ ನಿಮ್ಮ ಹೆಸರನ್ನೂ, ಅದನ್ನು ಹೊಸದಾಗಿ ಹೊಲಿದ ವರ್ಷವನ್ನೂ ಸೇರಿಸಿರಿ. ಈ ಪಟ್ಟಿಯನ್ನು ಹಳೆಯ ಬಟ್ಟೆಗೆ ಹೊಲಿಯದೆ ಹಿಂಬದಿಯ ಹೊಸ ಬಟ್ಟೆಗೆ ಹೊಲಿಯಿರಿ. ಕತ್ತರಿಸುವ ಮುಂಚೆ ಇಡೀ ಕೌದಿಯ ಛಾಯಾಚಿತ್ರವೊಂದನ್ನು ತೆಗೆದು, ಪಾಲು ಪಡೆದ ಎಲ್ಲರಿಗೂ ಕೊಡಿರಿ. ಹೀಗೆ ಮಾಡಿದಲ್ಲಿ ಕೌದಿಯು ಹತ್ತು ಮನೆಗೆ ಹಂಚಿಹೋದರೂ ಒಂದೇ ಕೌದಿಯಾಗಿ ಉಳಿಯುವುದು.

ಪೋಷಕರಲ್ಲಿಯೂ ನನ್ನದೊಂದು ವಿಜ್ಞಾಪನೆ. ಬೇಸಗೆಯ ರಜೆಯಲ್ಲಿ ನಿಮ್ಮ ಹೆಣ್ಣುಮಕ್ಕಳನ್ನೂ ಗಂಡುಮಕ್ಕಳನ್ನೂ ಕೂರಿಸಿಕೊಂಡು ಪೆಟ್ಟಿಗೆಯನ್ನು ಒಮ್ಮೆ ತೆರೆಯಿರಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಬಳಿಯಲ್ಲಿ ಕೂರಿಸಿ, ಒಂದೊಂದು ತುಂಡನ್ನೂ ಮುಟ್ಟಿ, ಇದು ಯಾರ ಸೀರೆ, ಇದು ಯಾರ ಅಂಗಿ ಎಂದು ಕೇಳಿ ಮಕ್ಕಳ ಕೈಯಿಂದಲೇ ಬರೆಸಿರಿ. ಸೂಜಿಯ ಕೆಲಸವು ಮಳೆಗಾಲದವರೆಗೆ ಕಾಯಬಹುದು. ಹೊರಗೆ ಹೋಗಲಾಗದ ಆ ಸಂಜೆಗಳು ಅದಕ್ಕೆ ಒದಗುವುವು. ಆದರೆ ಕೇಳುವ ಕೆಲಸವು ಕಾಯಲಾರದು. ಅದನ್ನು ಈ ವರ್ಷವೇ ಮಾಡಿರಿ.